ಕಿರುಬೆರಳು ಹಾಕಿ ನೋಡಿ

ನಮ್ಮ ಕಡೆಯ ಹುಡುಗ ಹುಡುಗಿಯರು ಈಗ ಯಂತ್ರಗೆಲಸಕ್ಕೂ ಜಪಾನಿಗೆ ಬರತೊಡಗಿದ್ದಾರೆ. ಸೆಂಡಾಯ್ ಕನ್ನಡಿಗರ ಯುಗಾದಿ ಊಟದಲ್ಲಿ ಅಂಥ ಇಬ್ಬರು ನನ್ನ ಪಕ್ಕ ಕೂತಿದ್ದರು. "ಆಂಟಿ, ನೀವು ಇಲ್ಲೇ ಲೇತ್ ಮೇಲೆ ಕೆಲ್ಸ ಮಾಡಿ ರಿಟೈರ್ ಆದ್ರಂತೆ. ಹೇಗಿತ್ತು?" ಎಂದು ಕೇಳಿದರು. ಭಯ ಇತ್ತು ಎಂದೆ. ಅವರು ನಕ್ಕರು. ತಮಾಷೆ ಮಾಡಿದೆ ಎಂದುಕೊಂಡಿರಬೇಕು. ಅಷ್ಟರಲ್ಲಿ ಒಬ್ಬಟ್ಟು ಬಂತು, ಮಾತು ಬೇರೆ ಕಡೆ ಹೋಯಿತು. ಅಂದು ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಕೆಲಸ ಮಾಡಿದ್ದು ಬಂದೂಕು ದುರಸ್ತಿಯ ಅಂಗಡಿಯಲ್ಲಿ. ಸೆಂಡಾಯ್‌ನಿಂದ ಪಶ್ಚಿಮಕ್ಕೆ ಹೋಗಿ ಬೆಟ್ಟಗಳು ಶುರುವಾಗುವ ಹೊತ್ತಿಗೆ ಸಿಗುವ ಸಣ್ಣ ಪಟ್ಟಣ. ನಮ್ಮಲ್ಲಿಗೆ ಹೆಚ್ಚಾಗಿ ಬರುತ್ತಿದ್ದವು ಹಳೆಯ ಸೈನ್ಯದ ರೈಫಲುಗಳು. ಯುದ್ಧ ಮುಗಿದ ಮೇಲೆ ಉಳಿದವುಗಳಲ್ಲಿ ಕೆಲವನ್ನು ನಳಿಗೆ ಮೊಟಕು ಮಾಡಿ, ಹಿಡಿಯ ಮರ ಕತ್ತರಿಸಿ, ಸೈನ್ಯದ ಮುದ್ರೆಯನ್ನೂ ಸಂಖ್ಯೆಗಳನ್ನೂ ಉಜ್ಜಿ ತೆಗೆದು ಬೇಟೆಗೆ ಒಗ್ಗಿಸಿದ್ದರು. ಜಿಂಕೆಗೂ ಕರಡಿಗೂ ಅವೇ. ಅಪ್ಪ ಹಿಡಿದದ್ದನ್ನು ಮಗನೂ ಹಿಡಿಯಬೇಕೆಂದರೆ ಮಗ ತನ್ನ ಹೆಸರಿನಲ್ಲಿ ಮೊದಲಿನಿಂದ ಪರವಾನಗಿ ಪಡೆಯಬೇಕು, ವರ್ಷಗಟ್ಟಲೆ ಕಾಯಬೇಕು. ಹಾಗಾಗಿ ಆ ರೈಫಲುಗಳ ಒಡೆಯರು ಬಹುತೇಕ ಮುದುಕರು. ಮುದಿ ಕಬ್ಬಿಣ, ಮುದಿ ಕೈ. ಎರಡರ ನಡುವೆ ನಾವು.

ನಾನು ಬೆಂಗಳೂರಿನ ಒಂದು ಟೂಲ್ ರೂಂ ತರಬೇತಿ ಶಾಲೆಯಲ್ಲಿ ಕಲಿತವಳು. ಅಲ್ಲಿ ಬೆಳಗಿನ ಮೊದಲ ಕೆಲಸ ಬೆಂಚು ಒರೆಸುವುದು, ಸಂಜೆಯ ಕೊನೆಯ ಕೆಲಸವೂ ಅದೇ. ಅರಗಳು ಬಲಕ್ಕೆ, ಅಳತೆಯ ಸಾಧನಗಳು ಎಡಕ್ಕೆ. ಬೆರೆಸಿಟ್ಟವರನ್ನು ಮೇಷ್ಟರು ಆ ದಿನವೆಲ್ಲ ಗೋಡೆಯ ಪಕ್ಕ ನಿಲ್ಲಿಸುತ್ತಿದ್ದರು. ಗಂಡ ವಿಶ್ವವಿದ್ಯಾಲಯದ ಸಂಶೋಧನೆಗೆಂದು ಸೆಂಡಾಯ್‌ಗೆ ಬಂದಾಗ ಜೊತೆಗೆ ಬಂದೆ. ಮಗಳು ಶಾಲೆಗೆ ಸೇರಿದ ಮೇಲೆ ಕೆಲಸ ಹುಡುಕಿದೆ. ಕಾರ್ಖಾನೆಗಳು ನನ್ನ ಜಪಾನಿ ಭಾಷೆ ಕೇಳಿ ಬೇಡ ಎಂದವು. ಬಂದೂಕಿನಂಗಡಿಯ ಕಿಕುಚಿ-ಸಾನ್ ಮಾತ್ರ ಭಾಷೆ ಕೇಳಲಿಲ್ಲ. ಒಂದು ಉಕ್ಕಿನ ತುಂಡು, ಒಂದು ಅರ ಕೊಟ್ಟು ಚೌಕ ಮಾಡಿಕೊಡಿ ಎಂದರು. ಮಾಡಿದೆ. ಅವರು ಚೌಕವನ್ನು ನೋಡುವ ಮೊದಲು ನನ್ನ ಬೆಂಚನ್ನು ನೋಡಿದರು. ಒರೆಸಿತ್ತು. ನಾಳೆಯಿಂದ ಬನ್ನಿ ಎಂದರು. ಎಲ್ಲರೂ ಅವರನ್ನು ಒಯಾಕಾತಾ ಎನ್ನುತ್ತಿದ್ದರು, ನಮ್ಮ ಮಾತಿನಲ್ಲಿ ಮೇಸ್ತ್ರಿ. ಇಲ್ಲಿಯೂ ಹಾಗೇ ಕರೆಯುತ್ತೇನೆ.

ನಾಳೆಯಿಂದ ಎಂದರೂ ನಾಳೆಯಿಂದ ಆಗಲಿಲ್ಲ. ಬಂದೂಕು ಮುಟ್ಟುವವರ ಬಗ್ಗೆ ಪೊಲೀಸರು ವಿಚಾರಿಸಬೇಕು. ಅಕ್ಕಪಕ್ಕದವರನ್ನು ಕೇಳಿದರು. ಒಂದು ಸಂಜೆ ಮನೆಗೇ ಬಂದು ಗಂಡನನ್ನೂ ಕೇಳಿದರು.

"ನಿಮ್ಮ ಹೆಂಡತಿಗೆ ಸಿಟ್ಟು ಬರುತ್ತದೆಯೇ?"

"ದಿನಾ," ಎಂದ ಮಹಾರಾಯ.

ಪೊಲೀಸಿನವರು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು.

"ಅಂದರೆ, ಪಾತ್ರೆ ತೊಳೀದೆ ಬಿಟ್ಟರೆ. ಅಷ್ಟೇ."

ಅವರು ಹೋದ ಮೇಲೆ, "ಸತ್ಯ ಹೇಳ್ಬೇಕಲ್ವೇನೇ? ಪೊಲೀಸರು!" ಎಂದ. ಪರಿಚಯದವರಲ್ಲೂ ಇದೇ ಮಾತು. "ವಿಮಲಾ, ಮನೇಲಿ ಮೊಟ್ಟೆ ಕೂಡ ಇಡಲ್ಲ ನೀನು. ಕರಡಿ ಹೊಡೆಯೋ ಗನ್ ರಿಪೇರಿ ಮಾಡ್ತೀಯಾ?" ಎಂದು ಗೆಳತಿಯೊಬ್ಬಳು ಎಲ್ಲರೆದುರು ಕೇಳಿದ್ದಳು. ನಾನು ಬರೀ ಕಬ್ಬಿಣ ನೋಡ್ತೀನಿ ಕಣೇ ಎಂದಿದ್ದೆ. ಅದು ಸುಳ್ಳು ಎಂದು ಗೊತ್ತಾಗಲು ಹೆಚ್ಚು ಕಾಲ ಬೇಕಾಗಲಿಲ್ಲ.

ಮೇಸ್ತ್ರಿಯ ಮೊದಲ ಪಾಠ ಮೂರು ಮಾತಿನದು. ತೆರೆ, ಮುಟ್ಟು, ಹೇಳು. ಬಂದೂಕು ಯಾರ ಕೈಯಿಂದಲೇ ಬರಲಿ, ಮೂತಿಯನ್ನು ಮರಳಿನ ಪೆಟ್ಟಿಗೆಯತ್ತ ತಿರುಗಿಸಿ ಬೋಲ್ಟು ತೆರೆಯಬೇಕು. ಬೋಲ್ಟು ಎಂದರೆ ಬಾಗಿಲಿನ ಅಗುಳಿಯ ಹಾಗೆ ಹಿಂದೆ ಮುಂದೆ ಸರಿಯುವ ಉಕ್ಕಿನ ಕೊಳವೆ. ಅದರ ಮುಂದಿನ ಎರಡು ಕಿವಿಗಳು ತಿರುಗಿ ಕೂತು ಕಾಡತೂಸಿನ ಹಿಂದೆ ಬೀಗ ಹಾಕುತ್ತವೆ. ಬೋಲ್ಟು ತೆರೆದು, ಕಾಡತೂಸು ಕೂರುವ ಗೂಡಿನೊಳಗೆ ಕಿರುಬೆರಳು ಹಾಕಿ ಮುಟ್ಟಿ ನೋಡಬೇಕು. ಆಮೇಲೆ ತೋರುಬೆರಳಿನಿಂದ ತೋರಿಸಿ ಗಟ್ಟಿಯಾಗಿ ಹೇಳಬೇಕು. ರೈಲಿನ ಚಾಲಕರು ಸಿಗ್ನಲ್ಲಿಗೆ ಬೆರಳು ತೋರಿಸಿ ಕೂಗುವುದನ್ನು ನೀವು ನೋಡಿರುತ್ತೀರಿ, ಅದೇ ಪದ್ಧತಿ. ಒಬ್ಬರು ಹೇಳಿದರೆ ಸಾಲದು. ತಂದವರೂ ಬೆರಳು ಹಾಕಿ ಹೇಳಬೇಕು.

ಮೊದಲ ದಿನ ನನ್ನ ಬಾಯಿಗೆ ಜಪಾನಿ ಬರಲಿಲ್ಲ. "ಖಾಲಿ!" ಎಂದುಬಿಟ್ಟೆ.

ಮೇಸ್ತ್ರಿ ತಲೆ ವಾಲಿಸಿ ಕೇಳಿದರು. "ಯಾವ ಭಾಷೆ?"

"ನಮ್ಮದು."

"ಇರಲಿ. ಧ್ವನಿ ಹೊರಗೆ ಬಂತಲ್ಲ, ಬಿಮರಾ-ಸಾನ್. ಅದು ಮುಖ್ಯ." ನನ್ನ ಹೆಸರು ಅವರ ನಾಲಿಗೆಯಲ್ಲಿ ಕೊನೆಯವರೆಗೂ ಹಾಗೆಯೇ ಇತ್ತು.

ಗಿರಾಕಿಗಳಿಗೆ ಇದು ಮೋಜು. ಅವರಲ್ಲಿ ಸಾಸಾಕಿ-ಸಾನ್ ಎಂಬ ಎಪ್ಪತ್ತು ದಾಟಿದ ಬೇಟೆಗಾರರು ನನ್ನ ಹಾಗೆಯೇ "ಕಾರೀ!" ಎಂದು ಅಣಕಿಸುವರು. ಅವರ ನಾಲಿಗೆಗೆ ಲಕಾರವಿಲ್ಲ. ಅವರ ಊರು ಇನ್ನೂ ಮೇಲೆ, ಬೆಟ್ಟದ ಕಣಿವೆಯಲ್ಲಿ. ಮೇಸ್ತ್ರಿಯ ಬಾಲ್ಯದ ಗೆಳೆಯ. ಕಿವಿ ಸ್ವಲ್ಪ ಮಂದ. "ಏನಂದಿ? ಕೇಳಿಸಲಿಲ್ಲ, ಇನ್ನೊಮ್ಮೆ ಗಟ್ಟಿಯಾಗಿ!" ಎಂದು ನನ್ನಿಂದ ಎರಡೆರಡು ಬಾರಿ ಹೇಳಿಸಿ ನಗುತ್ತಿದ್ದರು.

ಕಾಟಾಚಾರ ಎಂದೇ ನಾನೂ ಮೊದಲು ತಿಳಿದಿದ್ದೆ. ಒಂದು ಬೆಳಿಗ್ಗೆ ಒಬ್ಬ ಅಜ್ಜಿ ಬಸ್ಸಿನಲ್ಲಿ ಬಂದರು. ಕೈಯಲ್ಲಿ ಉದ್ದನೆಯ ಈರುಳ್ಳಿ ದಂಟಿನ ಕಟ್ಟು, ಮೇಲೆ ಹೂವಿನ ಬಟ್ಟೆ ಸುತ್ತಿದೆ. ಕೌಂಟರಿನ ಮೇಲೆ ಇಟ್ಟು ಬಟ್ಟೆ ಬಿಚ್ಚಿದರು. ದಂಟುಗಳ ನಡುವೆ ರೈಫಲು. ಮೂತಿ ನೆಟ್ಟಗೆ ನನ್ನ ಹೊಟ್ಟೆಗೆ.

"ಉಗ್ರಾಣ ಗುಡಿಸುವಾಗ ಸಿಕ್ಕಿತು. ಮಾವನವರದ್ದು," ಎಂದರು ಅಜ್ಜಿ. "ಹೀಗೆ ತರಬಾರದಂತೆ, ಪಕ್ಕದ ಮನೆಯವಳು ಹೇಳಿದಳು. ಅದಕ್ಕೇ ಈರುಳ್ಳಿ ಜೊತೆ ತಂದೆ."

ಮೇಸ್ತ್ರಿ ಗಾಬರಿ ತೋರಿಸಲಿಲ್ಲ. "ಅಜ್ಜೀ, ಕೈ ತೆಗೆಯಿರಿ. ನಿಧಾನ. ಬಿಮರಾ-ಸಾನ್, ಎಡಕ್ಕೆ ಸರಿಯಿರಿ," ಎಂದರು. ನಾನು ಸರಿದೆ. ಅವರು ಮೂತಿಯನ್ನು ಮರಳಿನತ್ತ ತಿರುಗಿಸಿ ಬೋಲ್ಟು ಎಳೆದರು. ಅದು ಕಿರುಗುಟ್ಟಿ ಹಿಂದೆ ಬಂತು. ಜೊತೆಗೆ ಪಾಚಿ ಹಿಡಿದ ಹಾಗೆ ಹಸಿರಾದ ಒಂದು ಕಾಡತೂಸು ಹೊರಬಂದು ಕೌಂಟರಿನ ಮೇಲೆ ಉರುಳಿತು. ಗುಂಡು ಅದರ ಮೂತಿಯಲ್ಲಿ ಹಾಗೇ ಇತ್ತು.

"ಅಯ್ಯೋ, ಅದೊಂದು ಒಳಗಿತ್ತೇ?" ಎಂದರು ಅಜ್ಜಿ. ಬಸ್ಸಿನಲ್ಲಿ ಅದನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡಿದ್ದರಂತೆ. ಪಕ್ಕದಲ್ಲಿ ಶಾಲೆಯ ಮಕ್ಕಳು ಕೂತಿದ್ದರಂತೆ. ಪೊಲೀಸರು ಬಂದರು, ಮಾಡಬೇಕಾದದ್ದನ್ನು ಮಾಡಿದರು. ಅಜ್ಜಿ ಈರುಳ್ಳಿಯನ್ನು ಎಲ್ಲರಿಗೂ ಹಂಚಿದರು, ಪೊಲೀಸರಿಗೂ. ಅಂಗಡಿಯಲ್ಲಿ ನಾನು ಗಟ್ಟಿಯಾಗಿಯೇ ಇದ್ದೆ. ಮನೆಗೆ ಹೋಗಿ ಸಾರಿಗೆ ಅದೇ ಈರುಳ್ಳಿ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟೆ. ಅಡುಗೆಮನೆಯ ನೆಲದ ಮೇಲೆ ಕೂತೆ. ಮಗಳು ಬಾಗಿಲಲ್ಲಿ ನಿಂತು, "ಅಮ್ಮಾ, ದಾಯ್‌ಜೋಬು?" ಎಂದಳು, ಹುಷಾರಾಗಿದ್ದೀಯಾ ಎಂದು. ಏನಿಲ್ಲ, ಈರುಳ್ಳಿ ಖಾರ ಎಂದೆ.

ಅಂದಿನಿಂದ ಬೆರಳು ಹಾಕದೆ ಒಂದನ್ನೂ ಮುಟ್ಟಲಿಲ್ಲ.

ಎರಡನೆಯ ಪಾಠವನ್ನು ಯಾರೂ ಹೇಳಿಕೊಡಲಿಲ್ಲ, ಕಬ್ಬಿಣವೇ ಕಲಿಸಿತು. ಹಳೆಯ ಬಂದೂಕನ್ನು ಹೊಸದರಂತೆ ಮಾಡುವುದು ಕಷ್ಟವಲ್ಲ. ತುಕ್ಕು ತೆಗೆದು, ಉಜ್ಜಿ, ಕುದಿಯುವ ಕ್ಷಾರದ ದ್ರಾವಣದಲ್ಲಿ ಅದ್ದಿದರೆ ಉಕ್ಕಿಗೆ ಆಳವಾದ ಕಪ್ಪು ಹತ್ತುತ್ತದೆ. ಅದನ್ನು ಎಣ್ಣೆ ಬಟ್ಟೆಯಿಂದ ಒರೆಸಿ ಬೆಳಕಿಗೆ ಹಿಡಿದಾಗ ಯಾರಿಗಾದರೂ ಹೆಮ್ಮೆ ಆಗುತ್ತದೆ. ನನಗೆ ಆಗಲೇ ಹೆದರಿಕೆ ಶುರುವಾಗುತ್ತಿತ್ತು. ತುಕ್ಕು ಹಿಡಿದ ಬಂದೂಕನ್ನು ಒಡೆಯನೇ ನಂಬುವುದಿಲ್ಲ, ಹುಷಾರಾಗಿರುತ್ತಾನೆ. ಹೊಳೆಯುವುದನ್ನು ನಂಬಿ ಕೆನ್ನೆಗೆ ಒತ್ತಿ ಹಿಡಿಯುತ್ತಾನೆ. ಒಳಗಿನ ಉಕ್ಕು ಮಾತ್ರ ಮೊದಲು ಎಷ್ಟು ದಣಿದಿತ್ತೋ ಅಷ್ಟೇ ದಣಿದಿರುತ್ತದೆ.

ದಣಿದ ಉಕ್ಕನ್ನು ಪತ್ತೆ ಮಾಡಲು ಮೇಸ್ತ್ರಿಯದು ಹಳೆಯ ದಾರಿ. ಬೋಲ್ಟನ್ನು ದಾರದಲ್ಲಿ ತೂಗುಹಾಕಿ ಸಣ್ಣ ಸುತ್ತಿಗೆಯಿಂದ ತಟ್ಟಿ, ನಾದ ಕೇಳುವುದು. ಗಂಟೆಯ ಹಾಗೆ ಉಲಿದರೆ ಗಟ್ಟಿ, ಮಂಕಾದರೆ ಬಿರುಕು. ನಾನು ಟೂಲ್ ರೂಮಿನಲ್ಲಿ ಕಲಿತದ್ದು ಬೇರೆ. ಕೆಂಪು ದ್ರಾವಣ ಹಚ್ಚಿ, ನೆನೆಯಲು ಬಿಟ್ಟು, ಪೂರ್ತಿ ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸಬೇಕು. ಬಿರುಕಿದ್ದರೆ ಅದರೊಳಗೆ ಇಳಿದ ಕೆಂಪು ಮೆಲ್ಲಗೆ ಮೇಲೆ ಬರುತ್ತದೆ. ನಾನು ಡಬ್ಬಿಗಳನ್ನು ತಂದಿಟ್ಟಾಗ ಮೇಸ್ತ್ರಿ, "ಮದುವೆ ಮನೆಯ ಅಲಂಕಾರವೇ?" ಎಂದಿದ್ದರು.

ಓನೋ-ಸಾನ್ ಎಂಬವರ ರೈಫಲು ಬಂದ ದಿನ ಮೇಸ್ತ್ರಿಯ ಗೇಲಿ ನಿಂತಿತು. ಮೇಸ್ತ್ರಿ ತಟ್ಟಿ ನೋಡಿ, ಗಂಟೆ ಇದ್ದ ಹಾಗಿದೆ ಎಂದರು. ನಾನು ಬಿಳಿ ಸಿಂಪಡಿಸಿದೆ. ಬೋಲ್ಟಿನ ಒಂದು ಕಿವಿಯ ಬುಡದಲ್ಲಿ, ಮೂಲೆಯಲ್ಲಿ, ಕೂದಲೆಳೆಯಷ್ಟು ಕೆಂಪು ಗೀರು ಮೂಡಿತು. ಮೇಸ್ತ್ರಿ ಅದನ್ನು ಒರೆಸಿ ಮತ್ತೆ ಮಾಡಿಸಿದರು. ಮತ್ತೆ ಮೂಡಿತು. ಆ ಕಿವಿ ಮುರಿದರೆ ಗುಂಡು ಹಾರಿದ ಒತ್ತಡಕ್ಕೆ ಬೋಲ್ಟು ಹಿಂದಕ್ಕೆ ಬರಬಹುದು. ಹಿಂದೆ ಇರುವುದು ಹಾರಿಸುವವನ ಕಣ್ಣು.

ಇನ್ನು ಇದರಲ್ಲಿ ಒಂದು ಗುಂಡೂ ಬೇಡ ಎಂದು ಓನೋ-ಸಾನ್‌ಗೆ ಹೇಳಿದೆವು. ನಾನು ಆ ಬೋಲ್ಟಿನ ಮೇಲೆ ಕೆಂಪು ಬಣ್ಣದಲ್ಲಿ ಅಡ್ಡ ಗೆರೆ ಎಳೆದೆ. ಅವರು ಒಪ್ಪಿದರು, ಆದರೆ ಒಡೆಯಲು ಕೊಡಲಿಲ್ಲ. ಮನೆಯ ಕಪಾಟಿನಲ್ಲಿ ಬೀಗ ಹಾಕಿ ಇಟ್ಟುಕೊಂಡರು. ಅವರು ತೀರಿಹೋದ ಮೇಲೆ ಹೆಂಡತಿ ನಮಗೆ ಒಪ್ಪಿಸಿದರು, ಕಾನೂನಿನಂತೆ ಕತ್ತರಿಸಿ ಹಾಕಲು.

ಹಾಗೆ ಒಪ್ಪಿಸಿದ ವರ್ಷದ ಶರತ್ಕಾಲದಲ್ಲಿ ಬೆಟ್ಟದ ಮರಗಳು ಕಾಯಿ ಬೀಜ ಬಿಡಲಿಲ್ಲ. ಕರಡಿಗಳು ಕೆಳಗಿಳಿದವು. ಮನೆಗಳ ಹಿತ್ತಿಲಿನಲ್ಲಿ ಕಾಕಿ ಎಂಬ ಕಿತ್ತಳೆ ಬಣ್ಣದ ಹಣ್ಣಿನ ಮರಗಳಿಗೆ ಹತ್ತಿದವು. ಹಲವು ಊರುಗಳಲ್ಲಿ ಮಕ್ಕಳು ಬ್ಯಾಗಿಗೆ ಗಂಟೆ ಕಟ್ಟಿಕೊಂಡು ಶಾಲೆಗೆ ಹೋಗತೊಡಗಿದರು. ಸಾಸಾಕಿ-ಸಾನ್ ಅವರ ಊರಿನಲ್ಲಿ ಅಂಗಳ ಗುಡಿಸುತ್ತಿದ್ದ ಒಬ್ಬ ಹೆಂಗಸಿನ ತೋಳನ್ನು ಕರಡಿ ಸೀಳಿಹಾಕಿತ್ತು. ಪುರಸಭೆ ಬೇಟೆಗಾರರ ತಂಡವನ್ನು ಕರೆಯಿತು.

ಸಾಸಾಕಿ-ಸಾನ್ ಅವರ ರೈಫಲು ಆಗ ನಮ್ಮಲ್ಲಿತ್ತು. ಓನೋ ಅವರದ್ದೂ ಅದೂ ಒಂದೇ ಮಾದರಿ. ಸಾಸಾಕಿಯವರ ಬೋಲ್ಟಿನಲ್ಲಿ, ಹಾರಿದ ಮೇಲೆ ಖಾಲಿ ಕೊಳವೆಯನ್ನು ಹೊರಗೆಳೆಯುವ ಕೊಕ್ಕೆ ಸವೆದುಹೋಗಿತ್ತು. ಹೊಸ ಕೊಕ್ಕೆ ಎಲ್ಲಿಯೂ ಸಿಗುವುದಿಲ್ಲ. ಹೇಗೂ ಕತ್ತರಿಸುವ ಓನೋ ಅವರ ರೈಫಲಿನಿಂದ ತೆಗೆದು ಇದಕ್ಕೆ ಹಾಕುವುದು ಎಂದು ಮೇಸ್ತ್ರಿ ನಿರ್ಧರಿಸಿದರು. ಸರಿಯಾದ ನಿರ್ಧಾರವೇ. ಕೊಕ್ಕೆಯ ಬಣ್ಣವೂ ಒಂದೇ ಇರಲಿ ಎಂದು ಎರಡೂ ಬೋಲ್ಟುಗಳನ್ನು ಇಡಿಯಾಗಿ ಕಪ್ಪಿನ ದ್ರಾವಣಕ್ಕೆ ಹಾಕಿದರು. ನಾನು ಎಳೆದಿದ್ದ ಕೆಂಪು ಗೆರೆ ಆ ಕುದಿಯಲ್ಲಿ ಕರಗಿಹೋಯಿತು.

ಒಂದು ಬೆಂಚಿನ ಮೇಲೆ ಒಂದೇ ಬಂದೂಕು ಎಂಬುದು ಮೇಸ್ತ್ರಿಯದೇ ನಿಯಮ. ಆ ಬೆಳಿಗ್ಗೆ ಅದು ಮುರಿಯಿತು, ಒಂದೇ ಕಪ್ಪಿನ ಎರಡೂ ಬೋಲ್ಟುಗಳು ಒಂದೇ ಬೆಂಚಿನ ಮೇಲಿದ್ದವು. ಸಾಸಾಕಿ-ಸಾನ್ ಕೌಂಟರಿನ ಮುಂದೆ ನಿಂತಿದ್ದರು. "ಬೇಗ ಕೊಡೋ ಕಿಕುಚಿ. ತಂಡದವರು ಕಾಯ್ತಿದ್ದಾರೆ. ಕರಡಿ ನಿನ್ನ ಬಣ್ಣ ಒಣಗಲಿ ಅಂತ ಕಾಯಲ್ಲ." ನಾನು ಹಿಂದಿನ ಕೋಣೆಯಲ್ಲಿ ಲೇತಿನ ಮುಂದಿದ್ದೆ. ಯಂತ್ರ ನಿಲ್ಲಿಸಿ ಬಂದಾಗ ಅವರ ಪುಟ್ಟ ಟ್ರಕ್ಕು ತಿರುವು ದಾಟುತ್ತಿತ್ತು.

"ತೋರಿಸಿ ಹೇಳಿದಿರಾ?" ಎಂದೆ.

"ಹೇಳಿದೆವು. ಇಬ್ಬರೂ. ಅವನು ನಿಮ್ಮ ಭಾಷೆಯಲ್ಲೇ ಹೇಳಿದ," ಎಂದರು ಮೇಸ್ತ್ರಿ.

ಊಟವಾದ ಮೇಲೆ ಓನೋ ಅವರ ರೈಫಲನ್ನು ಕತ್ತರಿಸಲು ತೆಗೆದುಕೊಂಡೆ. ಸಾಯುವ ಬಂದೂಕಿಗೂ ಅದೇ ಪದ್ಧತಿ. ಮೂತಿಯನ್ನು ಮರಳಿಗೆ ತಿರುಗಿಸಿ ಬೋಲ್ಟಿನ ಹಿಡಿಯ ಗುಂಡಿಯನ್ನು ಹಿಡಿದೆ. ಬೆರಳಿಗೆ ಗೆರೆಗಳು ಸಿಕ್ಕವು. ಸಣ್ಣ ಸಣ್ಣ ಅಡ್ಡಗೆರೆಗಳು. ಚಳಿಗಾಲದಲ್ಲಿ ಕೈಗವಸು ಜಾರದಿರಲೆಂದು ನಾನೇ ಅರದಿಂದ ಕೊರೆದ ಗೆರೆಗಳು. ಕೊರೆದದ್ದು ಸಾಸಾಕಿ-ಸಾನ್ ಅವರ ಬೋಲ್ಟಿಗೆ.

ಕೈ ಅಲ್ಲೇ ನಿಂತಿತು. ಇದು ಇಲ್ಲಿದ್ದರೆ, ಆ ಬಿರುಕಿನ ಬೋಲ್ಟು ಎಲ್ಲಿದೆ?

"ಮೇಸ್ತ್ರಿ," ಎಂದೆ. ಕನ್ನಡದಲ್ಲೇ ಎಂದೆ. ಅವರು ಬಂದರು. ನಾನು ಅವರ ಬೆರಳನ್ನು ಹಿಡಿದು ಆ ಗುಂಡಿಯ ಮೇಲೆ ಇಟ್ಟೆ. ಅವರು ಮುಟ್ಟಿದರು. ಬಗ್ಗಿ, ಕಣ್ಣನ್ನು ತೀರ ಹತ್ತಿರ ತಂದು ನೋಡಿದರು. ಅಷ್ಟು ಹತ್ತಿರ ತಂದರೂ ಅವರಿಗೆ ಕಾಣುತ್ತಿಲ್ಲ ಎಂದು ನನಗೆ ತಿಳಿದದ್ದು ಆಗಲೇ. ಎಷ್ಟು ದಿನದಿಂದ ಹಾಗಿತ್ತೋ. ಅವರ ಮುಖದ ರಕ್ತ ಇಳಿದುಹೋಯಿತು.

ಸಾಸಾಕಿ-ಸಾನ್ ಅವರ ಮೊಬೈಲು ಮನೆಯಲ್ಲೇ ಇತ್ತು. ಅವರ ಹೆಂಡತಿ ಎತ್ತಿದರು. "ಅವರು ಅದನ್ನು ಯಾವಾಗ ಒಯ್ದಿದ್ದಾರೆ ಹೇಳಿ!" ಪುರಸಭೆಗೆ ಮಾಡಿದೆವು. ತಂಡದವರ ಬಳಿ ವಾಕಿಟಾಕಿ ಇದೆ, ಕರೆಯುತ್ತೇವೆ ಎಂದರು. ಸ್ವಲ್ಪ ಹೊತ್ತಿಗೆ ಅವರೇ ಮಾಡಿದರು. ತಂಡದ ನಾಯಕ ಸಿಕ್ಕಿದ್ದಾರೆ, ಆದರೆ ಸಾಸಾಕಿ-ಸಾನ್ ಕರಡಿಯ ಹೆಜ್ಜೆ ಹಿಡಿದು ಒಬ್ಬರೇ ಮೇಲೆ ಹೋಗಿದ್ದಾರೆ. ಹತ್ತಿರವಾದಾಗ ಅವರು ವಾಕಿಟಾಕಿ ಆರಿಸಿಬಿಡುತ್ತಾರೆ, ಕರಡಿಗೆ ಕೇಳಿಸುತ್ತದೆ ಎಂದು.

ಕಾರು ತೆಗೆದೆ. ಮೇಸ್ತ್ರಿ ಪಕ್ಕದಲ್ಲಿ ಆ ಒಳ್ಳೆಯ ಬೋಲ್ಟನ್ನು ಬಟ್ಟೆಯಲ್ಲಿ ಸುತ್ತಿ ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ಬೆಟ್ಟದ ರಸ್ತೆ. ನಾನು ಗಾಜು ಇಳಿಸಿದ್ದೆ, ಗುಂಡಿನ ಸದ್ದು ಕೇಳಿಸೀತೆಂದು. ಕೇಳಿಸಬಾರದು ಎಂದು ಬೇಡಿಕೊಳ್ಳುತ್ತಲೇ ಕಿವಿ ಕೊಟ್ಟಿದ್ದೆ. ಕೆಂಪು ಎಲೆಗಳು, ತಿಳಿ ಆಕಾಶ. ರಸ್ತೆಯಲ್ಲಿ ಒಂದು ನರಪಿಳ್ಳೆಯಿಲ್ಲ.

ಊರು ಹತ್ತಿರವಾದಾಗ ಕಂಬದ ಮೇಲಿನ ಧ್ವನಿವರ್ಧಕ ಮಾತಾಡಿತು. ಭೂಕಂಪ, ಪ್ರವಾಹಗಳ ಎಚ್ಚರಿಕೆಗೆಂದು ಇಲ್ಲಿ ಪ್ರತಿ ಊರಿನಲ್ಲೂ ಇರುವಂಥದ್ದು; ಸಂಜೆ ಮಕ್ಕಳನ್ನು ಮನೆಗೆ ಕರೆಯುವ ಹಾಡು ಹಾಕುವುದೂ ಅದರಲ್ಲೇ. "ಕರಡಿ ಕಾಣಿಸಿಕೊಂಡಿದೆ. ಹೊರಗೆ ಬರಬೇಡಿ." ಒಂದು ಕಂಬದ ಮಾತು ಮುಗಿಯುವ ಮೊದಲೇ ಮುಂದಿನ ಕಂಬದ ಮಾತು ಬಂದು ಸೇರುತ್ತಿತ್ತು. ಕಣಿವೆಯ ಕೊನೆಯವರೆಗೆ.

"ಅದು," ಎಂದೆ. ಮೇಸ್ತ್ರಿ ತಲೆಯಾಡಿಸಿದರು.

ನೇರ ಪುರಸಭೆಯ ಕಚೇರಿಗೆ ಹೋದೆವು. ಅಲ್ಲಿನ ಅಧಿಕಾರಿ ಮಧ್ಯವಯಸ್ಸಿನವರು. ನಮ್ಮ ಮಾತು ಕೇಳಿ ಮೈಕಿನತ್ತ ನೋಡಿದರು, ಮುಟ್ಟಲಿಲ್ಲ. "ಕಿಕುಚಿ-ಸಾನ್, ಒಂದು ಯೋಚನೆ ಮಾಡಿ. ಈ ಕ್ಷಣ ಕರಡಿ ಅವರ ಎದುರಿಗಿದ್ದರೆ? ಹಾರಿಸಬೇಡ ಎಂದು ನಾವೇ ಕೂಗಿದರೆ?"

ದಾರಿಯುದ್ದಕ್ಕೂ ನನ್ನನ್ನು ಕಾಡಿದ್ದು ಅದೇ ಪ್ರಶ್ನೆ. ಹೇಳಿದರೆ ಕರಡಿಯ ಬಾಯಿ. ಹೇಳದಿದ್ದರೆ ಬೋಲ್ಟು. ಇಷ್ಟರ ಮೇಲೆ, ಇಡೀ ಕಣಿವೆಗೆ ಕೇಳುವಂತೆ ಇದನ್ನು ಹೇಳಿದ ಅಂಗಡಿಗೆ ನಾಳೆ ಯಾರು ಬಂದೂಕು ತರುತ್ತಾರೆ? ಆ ಯೋಚನೆ ನನಗೆ ಬಂತು. ಮೇಸ್ತ್ರಿಗೆ ಬಂತೋ ಇಲ್ಲವೋ ತಿಳಿಯದು.

"ಕರಡಿ ಓಡಿಹೋಗಬಹುದು. ಉಕ್ಕು ಓಡುವುದಿಲ್ಲ," ಎಂದರು ಅವರು. "ಮೈಕು ಕೊಡಿ. ನಾನೇ ಹೇಳುತ್ತೇನೆ. ಬೇರೆಯವರ ಧ್ವನಿಯಾದರೆ ಅವನು ಕೇಳುವುದಿಲ್ಲ."

ಅಧಿಕಾರಿ ಗುಂಡಿ ಒತ್ತಿ ಪಕ್ಕಕ್ಕೆ ಸರಿದರು.

"ಸಾಸಾಕಿ. ನಾನು ಕಿಕುಚಿ. ನಿನಗೆ ಬೇರೆ ಬಂದೂಕಿನ ಬೋಲ್ಟು ಹಾಕಿ ಕೊಟ್ಟಿದ್ದೇನೆ. ಬಿರುಕು ಬಿಟ್ಟದ್ದು. ನನ್ನ ತಪ್ಪು. ಹಾರಿಸಬೇಡ. ತೆರೆ. ಮುಟ್ಟು. ಹೇಳು. ಹೇಳಿ, ಹಿಂದೆ ಬಾ."

ಅಷ್ಟನ್ನೇ ಮತ್ತೆ ಹೇಳಿದರು. ಮತ್ತೆ ಮತ್ತೆ ಹೇಳಿದರು. ಕಿಟಕಿಯ ಹೊರಗೆ ಅವರ ಮಾತು ಕಂಬದಿಂದ ಕಂಬಕ್ಕೆ ಹೋಗಿ, ಬೆಟ್ಟಕ್ಕೆ ಬಡಿದು, ತಡವಾಗಿ ನಮ್ಮ ಕಡೆಗೇ ಮರಳಿ ಬರುತ್ತಿತ್ತು. ನನ್ನ ತಪ್ಪು, ನನ್ನ ತಪ್ಪು.

ಆಮೇಲೆ ಮೇಲಿನ ಕಾಡಿನಿಂದ ಢಂ ಎಂದಿತು.

ಮೇಸ್ತ್ರಿ ಮೈಕನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಕುರ್ಚಿ ಪಕ್ಕದಲ್ಲೇ ಇದ್ದರೂ ನೆಲದ ಮೇಲೆ ಕೂತರು. ನಾನು ಒಬ್ಬ ಮನುಷ್ಯನ ಮುಖ ಹೇಗಿತ್ತು ಎಂದು ನೆನಪಿಸಿಕೊಳ್ಳುತ್ತಿದ್ದೆ. ಬಲಗಣ್ಣಿನ ಕೆಳಗಿನ ಮಚ್ಚೆ. "ಕಾರೀ" ಎನ್ನುವಾಗ ಮುಂದೆ ಬರುವ ಗಲ್ಲ.

ವಾಕಿಟಾಕಿ ಕರಕರ ಎಂದಿತು. ತಂಡದ ನಾಯಕನ ಧ್ವನಿ. "ಪಟಾಕಿ! ಪಟಾಕಿ ಅದು! ಕರಡಿ ಬೆದರಿಸೋಕೆ ನಾವು ಹಚ್ಚಿದ್ದು. ಸಾಸಾಕಿ-ಸಾನ್ ಕೆಳಗೆ ಬರ್ತಾ ಇದ್ದಾರೆ. ನಡೆದುಕೊಂಡೇ ಬರ್ತಾ ಇದ್ದಾರೆ."

ಅವರು ಬಂದದ್ದು ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು. ಬಂದೂಕಿನ ಬೋಲ್ಟು ತೆರೆದೇ ಇತ್ತು. ಮೇಸ್ತ್ರಿ ಎದ್ದು ಸೊಂಟ ಬಗ್ಗಿಸಿ ತಲೆ ತಗ್ಗಿಸಿದರು, ಎತ್ತಲಿಲ್ಲ.

"ಏಳೋ, ಸಾಕು. ಊರಿಗೆಲ್ಲ ನನ್ನ ಹೆಸರು ಕೂಗಿದೆಯಲ್ಲ, ಚುನಾವಣೆಗೆ ನಿಂತ ಹಾಗೆ," ಎಂದರು ಸಾಸಾಕಿ-ಸಾನ್. ತುಟಿ ಮಾತ್ರ ಬಿಳಿಚಿತ್ತು. ಆಮೇಲೆ ನನ್ನತ್ತ ತಿರುಗಿದರು. "ಪಾಳುಮನೆಯ ಹಿತ್ತಿಲಲ್ಲಿ ಕಾಕಿ ಮರದ ಮೇಲಿತ್ತು ಅದು. ನಾನು ಕೆಳಗೆ, ಗುರಿ ಹಿಡಿದಿದ್ದೆ. ಕಂಬ ಮಾತಾಡಿತು. ತೆರೆ ಅಂತು, ತೆರೆದೆ. ಮುಟ್ಟು ಅಂತು, ಬೆರಳು ಹಾಕಿದೆ. ಹೇಳು ಅಂತಲ್ಲ, ಆಗ ಕರಡಿ ನನ್ನನ್ನೇ ನೋಡ್ತಿತ್ತು. ಬಾಯಿಗೆ ಬೇರೇನೂ ಬರಲಿಲ್ಲ. 'ಕಾರೀ!' ಅಂತ ಕೂಗಿದೆ."

"ಕರಡಿ?"

"ಅದಕ್ಕೆ ನಿಮ್ಮ ಭಾಷೆ ಬರಲ್ಲ ಅಂತ ಕಾಣುತ್ತೆ. ಆಚೆ ಕಡೆಯಿಂದ ಇಳಿದು ಬಿದಿರಿನೊಳಗೆ ಹೋಯಿತು."

ಎಲ್ಲರೂ ನಕ್ಕರು. ಅಧಿಕಾರಿ ಚಹಾ ತಂದರು. ಲೋಟ ಹಿಡಿದುಕೊಂಡೇ ಸಾಸಾಕಿ-ಸಾನ್ ಅಂದರು, "ಬೆಳಿಗ್ಗೆ ಒಂದು ಹಾರಿಸಿದ್ದೆ. ತಪ್ಪಿಹೋಯಿತು. ಆಮೇಲೆ ಬೋಲ್ಟು ಎತ್ತುವಾಗ ಬಿಗಿ ಇತ್ತು, ಗುಂಡಿಯೂ ಕೈಗೆ ನುಣ್ಣಗೆ ಅನ್ನಿಸ್ತು. ಹೊಸದಾಗಿ ಬಣ್ಣ ಹಾಕಿದ್ದೀರಲ್ಲ, ಅದಕ್ಕೇ ಇರಬೇಕು ಅಂದ್ಕೊಂಡೆ."

ಮೇಸ್ತ್ರಿ ಲೋಟ ಕೆಳಗಿಟ್ಟು ಎದ್ದರು.

ಮೂವರೂ ಅಂಗಡಿಗೆ ಬಂದೆವು. ನಾನು ಆ ಬೋಲ್ಟನ್ನು ತೊಳೆದು, ಕೆಂಪು ಹಚ್ಚಿ, ಕಾದು, ಒರೆಸಿ, ಬಿಳಿ ಸಿಂಪಡಿಸಿದೆ. ಮೇಸ್ತ್ರಿ ಅದನ್ನು ತಟ್ಟಿ ನೋಡೋಣ ಎನ್ನಲಿಲ್ಲ. ದೀಪದ ಕೆಳಗೆ ಮೂರು ತಲೆಗಳು ಬಗ್ಗಿದವು. ಮೊದಲು ಮೂಲೆಯ ಆ ಹಳೆಯ ಗೀರು ಮೂಡಿತು, ನಾನು ಬಲ್ಲ ಗೀರು. ಅದು ಅಲ್ಲಿಗೆ ನಿಲ್ಲಲಿಲ್ಲ. ಸುಣ್ಣದ ಗೋಡೆಯ ಮೇಲೆ ಯಾರೋ ಕುಂಕುಮದ ಬೆರಳು ಎಳೆದ ಹಾಗೆ ಕಿವಿಯ ಬುಡವನ್ನು ಸುತ್ತಿಕೊಂಡು ಆಚೆಯ ಅಂಚಿನವರೆಗೂ ಹೋಯಿತು. ಹೋಗಿ, ಇನ್ನೂ ದಪ್ಪವಾಗುತ್ತ ಬಂತು. ಒಂದೇ ಒಂದು ಗುಂಡಿನ ಕೆಲಸ ಅದು. ಎರಡನೆಯದು ಗೂಡಿನಲ್ಲಿ ಕೂತಾಗ ಕಂಬ ಮಾತಾಡಿತ್ತು.

ಸಾಸಾಕಿ-ಸಾನ್ ಬಲಗೈಯನ್ನು ಎತ್ತಿ ತಮ್ಮ ಕೆನ್ನೆ ಮುಟ್ಟಿಕೊಂಡರು. ಮೂಗು, ಕಣ್ಣಿನ ಕೆಳಗಿನ ಮೂಳೆ, ಹುಬ್ಬು. ಒಂದೊಂದನ್ನೂ ಇದೆಯೇ ಎಂದು ನೋಡುವ ಹಾಗೆ.

"ಕರಡಿಗೆ ಹೆದರಿದ್ದೆ," ಎಂದರು. "ಅದು ಕಾಣುತ್ತಿತ್ತು. ಇದನ್ನು ಕೆನ್ನೆಗೆ ಒತ್ತಿಕೊಂಡಿದ್ದೆ."

ಮೇಸ್ತ್ರಿ ಮರುದಿನವೇ ಪೊಲೀಸರಿಗೆ ತಾವಾಗಿ ಹೇಳಿದರು. ವಿಚಾರಣೆ ಮುಗಿಯುವವರೆಗೆ ಅಂಗಡಿ ಮುಚ್ಚಿತ್ತು. ತೆರೆದ ಮೇಲೆ ಅವರು ಬೆಂಚಿನ ಮುಂದೆ ಕೂರಲಿಲ್ಲ. ಕೌಂಟರಿನಲ್ಲಿ ಕೂತು ತೆರೆ, ಮುಟ್ಟು, ಹೇಳು ಎಂದು ಹೇಳಿಸುವ ಕೆಲಸವೊಂದನ್ನೇ ಮಾಡಿದರು. ಯಾರೂ ಬರುವುದಿಲ್ಲ ಎಂದು ನಾನು ಹೆದರಿದ್ದು ಸುಳ್ಳಾಯಿತು. ಕಂಬದ ಮಾತನ್ನು ಕೇಳಿದ ಕಣಿವೆಯವರೇ ಹೆಚ್ಚು ಬಂದರು. ನಾನು ಮೂರನೆಯ ಪಾಠ ಸೇರಿಸಿದೆ. ಬಂದೂಕು ಖಾಲಿ ಎಂದಷ್ಟೇ ಹೇಳಿದರೆ ಸಾಲದು, ಬೋಲ್ಟು ಇದರದ್ದೇ ಎಂದೂ ತೋರಿಸಿ ಹೇಳಬೇಕು. ಅದಕ್ಕಾಗಿ ಪ್ರತಿ ಬೋಲ್ಟಿಗೂ ನಳಿಗೆಗೂ ಜೋಡಿ ಗುರುತು ಕೊರೆದೆ. ಬಣ್ಣದಲ್ಲಿ ಅಲ್ಲ, ಉಕ್ಕಿನಲ್ಲೇ. ಮೇಸ್ತ್ರಿ ತೀರಿಹೋದ ಮೇಲೂ ಇದೇ ನಡೆಯಿತು.

ಭಯ ಹೋಗಲಿಲ್ಲ. ಹೋಗುತ್ತದೆ ಎಂದು ಯಾರಾದರೂ ನಿಮಗೆ ಹೇಳಿದರೆ ನಂಬಬೇಡಿ. ದುರಸ್ತಿಯಾದ ಬಂದೂಕು ಬಾಗಿಲು ದಾಟಿದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಏನೋ ಬಿಗಿಯುತ್ತಿತ್ತು. ಬೇಟೆಯ ಕಾಲ ಮುಗಿದು ಒಡೆಯರು ಒಬ್ಬೊಬ್ಬರಾಗಿ ಮತ್ತೆ ಮುಖ ತೋರಿಸುವವರೆಗೆ ಸಡಿಲವಾಗುತ್ತಿರಲಿಲ್ಲ. ಆ ಬಿಗಿತವೇ ನನ್ನಿಂದ ಬೆರಳು ಹಾಕಿಸಿತು, ಬಾಯಿ ಬಿಡಿಸಿತು. ಅದನ್ನು ಕಳೆದುಕೊಳ್ಳಲು ಪ್ರಯತ್ನಿಸಬೇಡಿ.

ನಾನು ಕೆಲಸ ಬಿಡುವ ಮೊದಲಿನ ಚಳಿಗಾಲದಲ್ಲಿ ಸಾಸಾಕಿ-ಸಾನ್ ಬಂದರು. ಪರವಾನಗಿ ಹಿಂದಿರುಗಿಸಿದ್ದರು. ರೈಫಲನ್ನು ಕತ್ತರಿಸಿಬಿಡಿ ಎಂದರು. ನಾನು ಹೊರಗೆ ಕೂತಿರಿ ಎಂದೆ, ಅವರು ಒಪ್ಪಲಿಲ್ಲ. ಗರಗಸದ ಪಕ್ಕದಲ್ಲೇ ನಿಂತರು. ಮೂತಿಯನ್ನು ಮರಳಿನತ್ತ ತಿರುಗಿಸಿದೆ. ನಾನೇ ಗೆರೆ ಕೊರೆದ ಗುಂಡಿಯನ್ನು ಹಿಡಿದು ತೆರೆದೆ. ಕಿರುಬೆರಳು ಹಾಕಿದೆ. ತಣ್ಣಗಿನ ಉಕ್ಕು, ಸ್ವಲ್ಪ ಎಣ್ಣೆ, ಬೇರೇನಿಲ್ಲ. ಅವರೂ ಬೆರಳು ಹಾಕಿದರು.

"ಖಾಲಿ," ಎಂದೆ. ಧ್ವನಿ ಸರಿಯಾಗಿ ಹೊರಡಲಿಲ್ಲ.

ಈ ಸಲ ಅವರು ನಗಲಿಲ್ಲ. ಗರಗಸದ ಸ್ವಿಚ್ಚಿನ ಮೇಲೆ ತಮ್ಮ ಅಂಗೈಯನ್ನು ಮುಚ್ಚಿ ಹಿಡಿದರು.

"ಕೇಳಿಸಲಿಲ್ಲ, ಬಿಮರಾ-ಸಾನ್. ಇನ್ನೊಮ್ಮೆ, ಗಟ್ಟಿಯಾಗಿ."